ಬೋಲ್ಟಿನ ನಂಬರು

ಗುಂಡು ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ ಎಂಬ ಕೂಗು ಕೇಳಿದ್ದೇ ಮುನಿಶಾಮಿ ಓಡಿಬಂದ. ಪೊಲೀಸ್ ದಳದ ರೈಫಲ್‌ಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುವವನು ಅವನೇ. ಕೂಗಿದವನು ಪೇದೆ ಕದಿರೇಶ, ಅವನ ಅಳಿಯ. ಮಗಳು ಶ್ಯಾಮಲಳನ್ನು ಕೊಟ್ಟು ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ.

ಎಪ್ಪತ್ತೊಂಬತ್ತರ ಅಕ್ಟೋಬರ್ ತಿಂಗಳು. ವೇಮಗಲ್ ಕಡೆಯ ಗುಡ್ಡದ ಬುಡದಲ್ಲಿ ವರ್ಷದ ಗುಂಡಿನ ಅಭ್ಯಾಸ. ಇಪ್ಪತ್ತು ಪೇದೆಗಳು ಸಾಲಾಗಿ ಬೋರಲು ಮಲಗಿ, ಒಂದೊಂದು ಗುಂಡು ಹೊಡೆದು, ಎರಡನೆಯದನ್ನು ತುಂಬಿಕೊಂಡು ಅಪ್ಪಣೆಗೆ ಕಾದಿದ್ದರು. ಕೈಯಲ್ಲಿದ್ದವೋ, ದೊಡ್ಡ ಯುದ್ಧದ ಕಾಲದ ತ್ರೀ ನಾಟ್ ತ್ರೀ ರೈಫಲ್‌ಗಳು.

"ಅರ್ಧಕ್ಕೇ ನಿಂತೋಯ್ತು ಮಾವಾ. ಅಂಗೈಲಿ ಗುದ್ದಿ ನೋಡ್ದೆ."

"ಗುದ್ದಿದ್ಯಾ? ನಿನ್ ಬುದ್ಧಿಗಿಷ್ಟು! ಜೀವ ಇರೋ ಗುಂಡು ಕಣಪ್ಪಾ ಅದು. ಏಳು, ದೂರ ಹೋಗು ಮೊದ್ಲು!"

ಅಳಿಯನನ್ನು ಎಬ್ಬಿಸಿ ಮುನಿಶಾಮಿ ಅದೇ ಜಾಗದಲ್ಲಿ ಮಲಗಿದ. ನಳಿಗೆಯನ್ನು ಮಣ್ಣುದಿಬ್ಬದ ಕಡೆಗೇ ಇಟ್ಟು, ಗುಂಡನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟನ್ನು ಕೂದಲೆಳೆಯಷ್ಟೇ ಹಿಂದಕ್ಕೆಳೆದ. ಕೈ ಬೆವರಿ ಬೋಲ್ಟಿನ ಹಿಡಿ ಜಾರುತ್ತಿತ್ತು. ಮನೆದೇವರ ಹೆಸರೂ ಬಾಯಿಗೆ ಬರಲಿಲ್ಲ, ಹಾಳು ಹೆದರಿಕೆ! ಕೊನೆಗೆ ಗುಂಡು ಈಚೆ ಬಂತು. ಆದರೆ ಒಂಟಿಯಾಗಿ ಬರಲಿಲ್ಲ. ಅದರ ಮೂತಿಗೆ ಹರಿದ ಹಿತ್ತಾಳೆ ಕೊಳವೆಯೊಂದು ಅಂಗಿಯ ತೋಳಿನಂತೆ ಸಿಕ್ಕಿಕೊಂಡಿತ್ತು. ಪಕ್ಕದ ಹುಲ್ಲಿನಲ್ಲಿ ಅದರ ಬುಡದ ತುಂಡು ಬಿದ್ದಿತ್ತು. ಮೊದಲ ಗುಂಡು ಸಿಡಿದಾಗಲೇ ಅದರ ಮದ್ದಿನ ಕೊಳವೆ ಎರಡು ಹೋಳಾಗಿ, ಮುಂದಿನ ಹೋಳು ಒಳಗೇ ಉಳಿದುಬಿಟ್ಟಿತ್ತು. ಎರಡನೆಯ ಗುಂಡಿಗೆ ಜಾಗವೆಲ್ಲಿ?

ಹಾಗೆ ಹರಿಯಬೇಕಾದರೆ ಬೋಲ್ಟು ಗುಂಡಿನ ಬೆನ್ನಿಗೆ ಒತ್ತಿ ಕೂತಿಲ್ಲ, ನಡುವೆ ಸಂದಿದೆ ಎಂದರ್ಥ. ಈ ಸಲ ಕೊಳವೆ ಹರಿದು ಅಷ್ಟಕ್ಕೇ ಮುಗಿದಿತ್ತು. ಇನ್ನೊಂದು ಸಲ ಹರಿದರೆ ಬೆಂಕಿ ಹಿಂದಕ್ಕೆ ನುಗ್ಗುತ್ತದೆ, ಹೊಡೆಯುವವನ ಕಣ್ಣಿಗೇ. ಮುನಿಶಾಮಿ ಬೋಲ್ಟು ಕಳಚಿ ತಿರುಗಿಸಿದ. ನಂಬರಿನ ಮೇಲೆ ಗಂಧ ಕುಂಕುಮ ಒಣಗಿ ಅಂಟಿತ್ತು. ಉಗುರಿನಿಂದ ಕೆರೆದ. ಹದಿನೆಂಟು. ರೈಫಲ್ ಮೇಲಿದ್ದದ್ದು ನಲವತ್ತಮೂರು. ಎರಡೂ ಒಂದೇ ಆಗಿರಬೇಕಿತ್ತು.

"ಓರಿ ದೇವುಡಾ," ಎಂದ, ತನಗೇ ಕೇಳದಷ್ಟು ಮೆಲ್ಲಗೆ.

ಆಯುಧಪೂಜೆಯ ದಿನ ಇಪ್ಪತ್ತೂ ಬೋಲ್ಟುಗಳನ್ನು ಕಳಚಿ, ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿ, ಗಂಧ ಬಳಿದು ಕುಂಕುಮ ಇಟ್ಟವನು ಅವನೇ. ಮಂಗಳಾರತಿಯಾದ ಮೇಲೆ ಕುಂಕುಮ ಅಳಿಸಲು ಮನಸ್ಸಾಗದೆ, ನಂಬರು ನೋಡದೆ, ಅಂದಾಜಿನಲ್ಲಿ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಹಾಕಿದ್ದ. ಒಂದರ ಬೋಲ್ಟು ಇನ್ನೊಂದಕ್ಕೆ ಹೊಂದುವುದಿಲ್ಲವೆಂದು ಇಪ್ಪತ್ತೆರಡು ವರ್ಷ ಬೇರೆಯವರಿಗೆ ಪಾಠ ಹೇಳಿದ ಮಹಾಶಯ!

"ಏನ್ರೀ ಮುನಿಶಾಮಿ, ಆಯ್ತಾ?" ಇನ್ಸ್‌ಪೆಕ್ಟರ್ ಚನ್ನರಾಯಪ್ಪ ಗಡಿಯಾರ ನೋಡಿಕೊಂಡರು. "ಅದೊಂದನ್ನ ಪಕ್ಕಕ್ಕಿಡಿ. ಮಿಕ್ಕೋರು ಹೊಡೀಲಿ."

ಅಳಿಯನೇನೋ ಉಳಿದ. ಈಗ ಬಾಯಿ ಮುಚ್ಚಿಕೊಂಡರೆ ಕೆಲಸವೂ ಉಳಿಯುತ್ತದೆ. ಸಂಜೆ ಗುಟ್ಟಾಗಿ ಎಲ್ಲವನ್ನೂ ಸರಿಪಡಿಸಬಹುದು. ಹತ್ತೊಂಬತ್ತು ಕೆನ್ನೆಗಳು ಹತ್ತೊಂಬತ್ತು ರೈಫಲ್‌ಗಳಿಗೆ ಒರಗಿದವು. ಅವರಿಗೂ ಎಲ್ಲೋ ಒಬ್ಬ ಮಾವ ಇರುತ್ತಾನಲ್ಲ ಎಂದುಕೊಂಡ ಮುನಿಶಾಮಿ. ಚನ್ನರಾಯಪ್ಪ ಕೈ ಎತ್ತಿದರು.

"ಬ್ಯಾಡಾ ಸಾ! ಯಾರೂ ಹೊಡೀಬೇಡ್ರೋ!" ಕಿರುಚಿಕೊಂಡು ಸಾಲಿನ ಮುಂದಕ್ಕೇ ಓಡಿದ. "ಬೋಲ್ಟ್‌ಗಳು ಅದಲು ಬದಲಾಗವೆ. ನಾನೇ ಸಾ ಮಾಡಿದ್ದು. ಪೂಜೆ ದಿನ."

ಪೇದೆಗಳು ಒಬ್ಬೊಬ್ಬರಾಗಿ ಗುಂಡು ತೆಗೆದು, ಬೋಲ್ಟು ಕಳಚಿ, ಎಂಜಲು ಹಚ್ಚಿ ಕುಂಕುಮ ಒರೆಸಿ ನಂಬರು ಓದಿದರು. ಇಪ್ಪತ್ತರಲ್ಲಿ ಹದಿಮೂರು ತಪ್ಪು. ಚನ್ನರಾಯಪ್ಪನವರ ಮುಖ ಬೆಳ್ಳಗಾಗಿತ್ತು. ಶಸ್ತ್ರಾಗಾರದ ಬೀಗದ ಕೈಗೆ ಕೈ ಚಾಚಿದರು. ಮುನಿಶಾಮಿ ಸೊಂಟದಿಂದ ಬಿಚ್ಚಿ ಕೊಟ್ಟ.

ಮಧ್ಯಾಹ್ನ ಮಾವ ಅಳಿಯ ಇಬ್ಬರೂ ಮನೆಗೆ ಬಂದು ಊಟಕ್ಕೆ ಕೂತರು. ಮುನಿಶಾಮಿ ಮುದ್ದೆ ಮುರಿಯದೆ ಕದಿರೇಶನ ಬಲಗಣ್ಣನ್ನೇ ನೋಡುತ್ತಿದ್ದ.

"ಯಾಕಪ್ಪಾ, ಇವ್ರ ಕಣ್ಣಿಗೇನಾಯ್ತು?" ಎಂದಳು ಶ್ಯಾಮಲ.

"ಏನೂ ಆಗಿಲ್ಲ ಕಣಮ್ಮಾ," ಎಂದ ಮುನಿಶಾಮಿ, ಬಿಕ್ಕಿ ಬಿಕ್ಕಿ ಅಳತೊಡಗಿದ.