ಕುಳ್ಳಿನ ಮೇಲಿನ ಅಲಿಫ್

"ಏ ಹಾದರಗಿತ್ತಿ ಮಗಳ, ಕುಳ್ಳಿನ ಮ್ಯಾಲ ಏನ ಗೀಚೀದಿ?"

ಗೌಡ ಬಸವಂತ್ರಾಯ ಒಣಗಿದ ಸಗಣಿ ಕುಳ್ಳೊಂದನ್ನು ಸೂಗಮ್ಮನ ಮುಖಕ್ಕೆ ಒಗೆದ. ತುಟಿ ಒಡೆಯಿತು.

"ಅಕ್ಷರ ಅವರಿ, ಗೌಡ್ರ. ಅಲಿಫ್, ಬೇ," ಅಂದಳು ಅವಳು.

ಸೂಗಮ್ಮ, ನಾನು ಇಬ್ಬರೂ ಹೊಲಗೇರಿಯ ಹುಡುಗಿಯರು. ಸಗರದ ಶಾಲೆಯ ಹಿಂಗೋಡೆಗೆ ಗೌಡನ ಮನೆಯ ಕುಳ್ಳು ತಟ್ಟುವುದು ನಮ್ಮ ಬಿಟ್ಟಿ ಚಾಕರಿ. ಗೋಡೆಯಲ್ಲೊಂದು ಕಿಟಕಿ. ಒಳಗೆ ಫಕ್ರುದ್ದೀನ ಮಾಸ್ತರು ದೊಡ್ಡವರ ಮಕ್ಕಳಿಗೆ ಉರ್ದು ಕಲಿಸುತ್ತಿದ್ದರು. ನಿಜಾಮರ ರಾಜ್ಯದಲ್ಲಿ ಓದು ಎಂದರೆ ಅದೇ. ಸೂಗಮ್ಮ ಕಿಟಕಿಗೆ ನಿಂತ ದಿನ ಅವಳ ಪಾಲಿನ ಸಗಣಿಯನ್ನೂ ನಾನೇ ತಟ್ಟುತ್ತಿದ್ದೆ. ಮರುದಿನ ನನ್ನದನ್ನು ಅವಳು. ಕಂಡದ್ದನ್ನು ಹಸಿ ಕುಳ್ಳಿನ ಮೇಲೆ ಬೆರಳಿನಿಂದ ಬರೆದು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದೆವು. ತಪ್ಪಾದರೆ ಸವರಿದರಾಯಿತು. ಶಹಾಪುರದ ದೊಡ್ಡ ಶಾಲೆಗೆ ಹೋಗುವ ಹುಚ್ಚು ಸೂಗಮ್ಮನಿಗೆ. ಅದು ನನಗೂ ಅಂಟಿತ್ತು.

ನಮ್ಮ ಕೈ ಮೈಲಿಗೆ. ಒಣಗಿದ ಕುಳ್ಳಿಗೆ ಮೈಲಿಗೆ ಇರಲಿಲ್ಲ. ಹೀಗಾಗಿ ನಮ್ಮ ಪಾಠಗಳೆಲ್ಲ ಗೌಡನ ಒಲೆ ಸೇರಿ ರೊಟ್ಟಿ ಬೇಯಿಸುತ್ತಿದ್ದವು. ಅಂದು ಅವನ ತಾಯಿ ಮಲ್ಲಾಬಾಯಿ ಒಂದು ಕುಳ್ಳನ್ನು ತಿರುಗಿಸಿ ನೋಡಿಬಿಟ್ಟಿದ್ದಳು.

"ತುರಕರ ಅಕ್ಷರ ಸುಟ್ಟು ಲಿಂಗಕ್ಕ ಎಡಿ ಮಾಡಂಗಿಲ್ಲಂತಾಳ ನಮ್ಮವ್ವ. ಎಲ್ಲಾ ಒಡದು ತಿಪ್ಪಿಗೆ ಒಗೀರಿ."

ಸೂಗಮ್ಮ ತುಟಿಯ ರಕ್ತ ಒರೆಸಿಕೊಂಡಳು.

"ಸರಕಾರದ ಅಕ್ಷರರಿ. ನಾಳಿ ತಹಶೀಲ್ದಾರ ಸಾಹೇಬ್ರು ಸಾಲಿ ನೋಡಾಕ ಬರ್ತಾರಂತ. ತಿಪ್ಪ್ಯಾಗ ಕಂಡ್ರ ಏನಂತಾರೋ."

ಗೋಡೆಗೆ ಒದೆಯಲು ಎತ್ತಿದ್ದ ಗೌಡನ ಕಾಲು ಅಲ್ಲೇ ನಿಂತಿತು. ಸುಡುವಂತಿಲ್ಲ, ಒಡೆಯುವಂತಿಲ್ಲ. ಕೊನೆಗೆ ಸಾಹೇಬರಿಗೆ ಹಾಸಲು ತರಿಸಿದ್ದ ಜಮಖಾನೆಯನ್ನು ಗೋಡೆಯ ಮೇಲೆ ಇಳಿಬಿಡಿಸಿ ಕುಳ್ಳು ಮುಚ್ಚಿಸಿದ. ಸಂಜೆಯೊಳಗೆ ಕಿಟಕಿಗೂ ಕಲ್ಲು ಕಟ್ಟಿಸಿದ. ಆ ಕಲ್ಲು ಹೊತ್ತವರೂ ನಾವೇ.

ಬೆಳಿಗ್ಗೆ ಗೌಡ ತಹಶೀಲ್ದಾರರನ್ನು ಎದುರುಗೊಳ್ಳಲು ಊರ ಬಾಗಿಲಿಗೆ ಹೋಗಿದ್ದ. ನಾವು ಕೈ ತೊಳೆದುಕೊಂಡು ಶಾಲೆಯ ಒಳಗೆ ನಡೆದು ಚಾಪೆಯ ತುದಿಗೆ ಕುಳಿತೆವು. ಗೌಡನ ಮಗ ಮೂಗು ಮುಚ್ಚಿಕೊಂಡು ಎದ್ದ. ಅವನ ಹಿಂದೆ ಎಲ್ಲ ಹುಡುಗರೂ ಹೊರಗೋಡಿದರು.

ಮಾಸ್ತರರು ಛಡಿ ಹಿಡಿದು ಎದ್ದರು. "ಏನಿದು? ಯಾರ ಹೇಳ್ಯಾರ ಒಳಗ ಬರಾಕ?"

"ಕಿಡಕಿ ಮುಚ್ಯಾರ್ರಿ," ಅಂದಳು ಸೂಗಮ್ಮ. "ಅದಕ್ಕ ಬಾಗಿಲದಿಂದ ಬಂದೀವಿ."

ಹೊರಗೆ ತಹಶೀಲ್ದಾರರ ಟಾಂಗಾ ಬಂದು ನಿಂತಿತು. "ಆ ರಂಡೇರನ್ನ ಹೊರಗ ಎಳೀರಿ" ಎಂದು ಆಳುಗಳಿಗೆ ಹಲ್ಲು ಕಚ್ಚಿ ಹೇಳುತ್ತಿದ್ದ ಗೌಡನ ದನಿ ಕೇಳಿಸಿತು.

ಕಿಟಕಿಯಿಲ್ಲದೆ ಒಳಗೆಲ್ಲ ಮಬ್ಬು.

"ಅಂಬವ್ವ, ಕರಿ ಹಲಗಿ ಕಾಣವಲ್ದು," ಅಂದಳು ಸೂಗಮ್ಮ ನನ್ನ ಕಡೆ ತಿರುಗಿ.

ನಾವಿಬ್ಬರೂ ಮುಂದಕ್ಕೆ ಸರಿದು ಕುಳಿತೆವು.