ಹನ್ನೊಂದು ಕೋಟಿಂಗ್ ಪೇಂಟಿನ ಕೆಳಗೆ

೧.

ಎಲ್ಲಿಂದ ಶುರು ಮಾಡಲಿ ಹೇಳಿ. ಸಮುದ್ರದಿಂದಲೇ ಆಗಲಿ ಎಂದುಕೊಂಡು ಒಂದು ಪುಟ ಬರೆದೆ. ಅಲೆ, ಉಪ್ಪು ಗಾಳಿ, ದೂರದಲ್ಲೊಂದು ಬಿಳಿ ಹಾಯಿ, ಎಲ್ಲಾ ಬಂತು. ಓದಿ ನೋಡಿದರೆ ನನಗೇ ನಗು. ನಾನು ಕೂತಿರುವುದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯ ಮೇಲಿನ ಬಾಡಿಗೆ ರೂಮಿನಲ್ಲಿ. ಕಿಟಕಿ ತೆಗೆದರೆ ಗ್ರೀಸಿನ ವಾಸನೆ, ಒಣಮೆಣಸಿನಕಾಯಿ ಘಾಟು. ಸಮುದ್ರ ಇಲ್ಲಿಂದ ಬಸ್ಸಿನಲ್ಲಿ ಏಳು ಗಂಟೆ ದೂರ. ಆ ಪುಟ ಹರಿದು ಹಾಕಿದೆ.

ಎರಡನೇ ಡ್ರಾಫ್ಟಿನಲ್ಲಿ ಹಾಯಿದೋಣಿಯ ಮಾಲೀಕನಿಗೆ ಅಭಿರಾಮ ಅಂತ ಹೆಸರಿಟ್ಟೆ. ಗಡ್ಡ ಕೊಟ್ಟೆ, ಕೂಲಿಂಗ್ ಗ್ಲಾಸ್ ಕೊಟ್ಟೆ, ಮುರಿದುಬಿದ್ದ ಒಂದು ಲವ್ವೂ ಕೊಟ್ಟೆ. ಹಾಯಿದೋಣಿ ಇಟ್ಟುಕೊಳ್ಳುವವರು ಹೀಗೇ ಇರುತ್ತಾರೆ ಅಂತ ನನ್ನ ಲೆಕ್ಕ. ಆದರೆ ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಕೆಳಗಿನ ಅಂಗಡಿಗೆ ಬಂದ ಅಸಲಿ ಮಾಲೀಕರಿಗೆ ಎಪ್ಪತ್ತೊಂದು ವರ್ಷ. ಪಂಚೆ ಉಟ್ಟಿದ್ದರು. ಹೆಸರು ಮೂಗಯ್ಯ, ಮನೆ ಉದಯಗಿರಿಯಲ್ಲಿ, ಮೂವತ್ತು ವರ್ಷ ಟ್ರ್ಯಾಕ್ಟರ್ ಮೆಕ್ಯಾನಿಕ್ ಆಗಿದ್ದವರು. ಒಂದು ಗೋಣಿಚೀಲದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಮಗಳು ಸಂಘಮಿತ್ರಳ ಕೈಯಲ್ಲಿ. ನಾನು ಅಭಿರಾಮನನ್ನು ಮೆಟ್ಟಿಲ ಮೇಲೇ ಬಿಟ್ಟು ಕೆಳಗಿಳಿದೆ. (ಅವನು ಇನ್ನೂ ಅಲ್ಲೇ ನಿಂತಿದ್ದಾನೆ, ಪಾಪ. ಯಾರಿಗಾದರೂ ಬೇಕಿದ್ದರೆ ಕರೆದುಕೊಂಡು ಹೋಗಿ.)

೨.

ಸಂಕಟ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಕಡೇವರೆಗೆ ಮುಚ್ಚಿಟ್ಟು ಸತಾಯಿಸುವ ಕಥೆಗಾರರಿದ್ದಾರೆ, ನನಗೆ ಅಷ್ಟು ತಾಳ್ಮೆ ಇಲ್ಲ.

ಮೂಗಯ್ಯನವರ ದೋಣಿಯ ಹೆಸರು ಅರಳಿ. ಅದು ನಿಂತಿರುವುದು ಮಂಗಳೂರಿನ ಆಚೆ, ಹೊಳೆ ಸಮುದ್ರ ಸೇರುವ ಅಳಿವೆಯ ಪಕ್ಕದ ಒಂದು ಯಾರ್ಡಿನಲ್ಲಿ. ಆ ಯಾರ್ಡು ಈಗ ಬೇರೆಯವರ ಕೈಗೆ ಹೋಗಿದೆ. ಹೊಸಬರು ಎಲ್ಲರಿಗೂ ಹೇಳಿದ್ದಾರೆ: ಈ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ತಾನಾಗಿ ಹೊರಟ ದೋಣಿ ಹೋಯಿತು, ಹೊರಡದ್ದನ್ನು ಕೊಯ್ದು ಗುಜರಿಗೆ ಹಾಕುತ್ತೇವೆ. ಅರಳಿ ಹೊರಡುವ ಹಾಗಿಲ್ಲ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಒಂದು ತೂತುತೂತಿನ ತಗಡು ಕೂರುತ್ತದೆ, ಹೆಡ್ ಗ್ಯಾಸ್ಕೆಟ್ ಅಂತಾರೆ. ಅದು ಸುಟ್ಟುಹೋಗಿ ನಾಲ್ಕು ತಿಂಗಳಾಯಿತು.

"ಹಾಯಿ ಇದೆಯಲ್ಲಮ್ಮ, ಎಂಜಿನ್ ಯಾಕೆ?" ಅಂತ ಕೇಳಿದೆ. ಸಂಘಮಿತ್ರ ಹೈಸ್ಕೂಲಿನಲ್ಲಿ ಭೂಗೋಳದ ಟೀಚರ್. ಕೊನೇ ಬೆಂಚಿನವನನ್ನು ನೋಡುವ ಹಾಗೆ ನೋಡಿದಳು.

"ಅಳಿವೆ ಬಾಯಿ ಕಿರಿದು ಸಾರ್. ಮರಳು ದಿಬ್ಬ ಬೇರೆ. ಗಾಳಿ ಎದುರಿಗೇ ಬೀಸುತ್ತೆ. ಹಾಯಿ ಬಿಚ್ಚಿಕೊಂಡು ಹೋದ್ರೆ ಸೀದಾ ದಿಬ್ಬಕ್ಕೆ."

ನಾಲ್ಕು ತಿಂಗಳಿಂದ ಮೂಗಯ್ಯ "ಫಾರಿನ್ನಿಂದ ಕಂಪನಿ ಪಾರ್ಟೇ ಬತ್ತದೆ, ತಡಿ" ಎನ್ನುತ್ತಿದ್ದರಂತೆ. ಅದು ಬರಲಿಲ್ಲ. ಸೋಮವಾರ ಮಗಳೇ ಯಾರ್ಡಿನಲ್ಲಿ ಸ್ಪ್ಯಾನರ್ ಹಿಡಿದು ಎಂಜಿನ್ನಿನ ಆ ತಲೆ, ಅಂದರೆ ಹೆಡ್ಡು, ಬಿಚ್ಚಿದಳು, ಗೋಣಿಚೀಲಕ್ಕೆ ಹಾಕಿದಳು, ಮಂಗಳವಾರ ಮೈಸೂರಿನ ಬಸ್ಸು ಹತ್ತಿದಳು. ಅಪ್ಪ ಮುಖ ಊದಿಸಿಕೊಂಡು ಹಿಂದೆ ಬಂದರು. ಬಸ್ಸಿನಲ್ಲಿ ಕಂಡಕ್ಟರ್ "ಏನ್ ಯಜಮಾನ್ರೆ ಚೀಲದಲ್ಲಿ?" ಅಂದಾಗ ಮಾತ್ರ ಎದೆ ಸೆಟೆಸಿ, ಇಡೀ ಬಸ್ಸಿಗೆ ಕೇಳುವ ಹಾಗೆ, "ಹಡಗಿನ ಎಂಜಿನ್ನು" ಅಂದರಂತೆ.

೩.

ಅಂಗಡಿಯ ಪುಟ್ಟಲಿಂಗಮ್ಮ ಇಪ್ಪತ್ತೆಂಟು ವರ್ಷದಿಂದ ಅದೇ ಕೌಂಟರಿನಲ್ಲಿ ಕೂತಿದ್ದಾರೆ. ಕಂಪ್ಯೂಟರ್ ಇಲ್ಲ. ಹಳೇ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಒಂದೊಂದು ಪಾರ್ಟನ್ನೂ ಮಲಗಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟಿದ್ದಾರೆ. ಕೆಳಗೆ ಅದು ಯಾವ ಯಾವ ಗಾಡಿಗೆ ಕೂರುತ್ತದೆ ಅಂತ ಬರೆದಿರುತ್ತಾರೆ.

"ಏನ್ ಮೂಗಣ್ಣ, ಅಂಗಡಿ ದಾರೀನೇ ಮರ್ತ್‌ಬುಟ್ರಾ?"

ಸಂಘಮಿತ್ರ ಚೀಲ ಬಿಚ್ಚಿದಳು. ಗಿಳಿಹಸಿರು ಬಣ್ಣದ, ದಪ್ಪಗೆ ಪೇಂಟು ಮೆತ್ತಿದ ಕಬ್ಬಿಣದ ತುಂಡು ಕೌಂಟರ್ ಮೇಲೆ ಕೂತಿತು. ಪುಟ್ಟಲಿಂಗಮ್ಮ ಅದರ ಮೇಲೆ ಒಂದು ಸಲ ಕೈಯಾಡಿಸಿದರು.

"ಇದು ಟ್ರ್ಯಾಕ್ಟರ್ ಹೆಡ್ಡು ಕಣಣ್ಣ."

"ಅಲ್ಲ ಕಣವ್ವ. ಹಡಗಿಂದು."

"ಹಡಗಿಗೆ ಅಂತ ಬ್ಯಾರೆ ಕಬ್ಬಿಣ ಬತ್ತದಾ?"

"ಸಮುದ್ರದ ನೀರಲ್ಲಿ ಓಡೋ ಎಂಜಿನ್ನು ಅದು. ನಿಮ್ ಗದ್ದೆ ಕೆಸರಲ್ಲಿ ಓಡೋದಲ್ಲ."

(ಆಮೇಲೆ ಕೇಳಿ ತಿಳಿದುಕೊಂಡೆ. ಸಣ್ಣ ದೋಣಿಗೆ ಅಂತಲೇ ಎಂಜಿನ್ ಎರಕ ಹೊಯ್ಯುವವರು ಕಡಿಮೆಯಂತೆ. ಸಣ್ಣ ಟ್ರ್ಯಾಕ್ಟರಿನ ಎಂಜಿನ್ನನ್ನೇ ತಂದು, ತಂಪು ಮಾಡುವ ಪೈಪು ಬದಲಿಸಿ, ಬೇರೆ ಬಣ್ಣ ಬಳಿದು, ಲಂಗರಿನ ಸ್ಟಿಕ್ಕರ್ ಅಂಟಿಸಿದರೆ ಅದೇ ಹಡಗಿನ ಎಂಜಿನ್ನು.)

ಪುಟ್ಟಲಿಂಗಮ್ಮ ಕ್ಯಾಲೆಂಡರ್ ಕಟ್ಟು ಇಳಿಸಿ, ಹೆಡ್ಡನ್ನು ಒಂದೊಂದೇ ಹಾಳೆಯ ಮೇಲೆ ಕೂರಿಸಿ ನೋಡಿದರು. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಹಾಳೆಗೆ ಗೆರೆಗೆ ಗೆರೆ ಸರಿಹೋಯಿತು. ಅದರ ಮುಂದಿನ ಹಾಳೆಗೂ ಸರಿಹೋಯಿತು. ಒಂದೇ ಆಕಾರದ ಎರಡು ಮಾಡೆಲ್. ಒಳಗಿನ ದೊಡ್ಡ ತೂತುಗಳಲ್ಲಿ ಮಾತ್ರ ನಾಲ್ಕು ಎಂಎಂ ವ್ಯತ್ಯಾಸ.

"ಎರಡೂ ಕೊಟ್ಬಿಡಿ ಆಂಟಿ," ಅಂದಳು ಸಂಘಮಿತ್ರ. "ಅಲ್ಲಿ ಯಾವ್ದು ಕೂರುತ್ತೋ ನೋಡ್ಕೋತೀನಿ." (ನೀವೂ ಅದನ್ನೇ ಅಂದುಕೊಂಡಿರಿ ತಾನೆ? ನಾನೂ ಅಷ್ಟೇ. ಕಥೆ ಇಲ್ಲೇ ಮುಗಿಯಿತಲ್ಲಪ್ಪ ಅಂತ ಪೆನ್ನು ಮುಚ್ಚಿದ್ದೆ.)

"ಎರಡೂ ಕೂರ್ತವೆ ಕಣ್ ಮಗಾ, ಅದೇ ತೊಂದ್ರೆ. ಓಡಿ ಓಡಿ ಸವೆದಿರೋ ಎಂಜಿನ್ನು, ಅಳತೆ ನಂಬಂಗಿಲ್ಲ. ತಪ್ಪಿದ್ದು ಕೂರ್ಸಿದ್ರೆ ಎರಡು ಗಂಟೆ ಚೆಂದಾಗಿ ಓಡಿ ಆಮ್ಯಾಕೆ ಸುಟ್ಟೋಯ್ತದೆ. ಗದ್ದೇಲಿ ಸುಟ್ಟೋದ್ರೆ ಇಳಿದು ಮನೆಗೆ ನಡ್ಕೊಂಡೋಗಬೈದು. ನೀನು ಸಮುದ್ರದಲ್ಲಿ ಎಲ್ಲಿಗ್ ನಡ್ಕೊಂಡೋಗೀಯೆ? ನಂಬರ್ ಇಲ್ದೆ ನಾನು ಪಾರ್ಟ್ ಕೊಡಕಿಲ್ಲ. ಹೆಡ್ಡಿನ ಪಕ್ಕದಲ್ಲಿ ಎರಕದಲ್ಲೇ ನಂಬರ್ ಬಂದಿರ್ತದೆ. ಪೇಂಟ್ ಕೆರಿ."

"ಕೆರೀಬ್ಯಾಡ," ಅಂದರು ಮೂಗಯ್ಯ.

೪.

(ಈ ಭಾಗವನ್ನು ಮೂಗಯ್ಯನವರ ಒತ್ತಾಯದ ಮೇಲೆ ತೆಗೆದಿದ್ದೇನೆ. ಎಷ್ಟು ವಾದ ಮಾಡಿದರೂ ಕೇಳಲಿಲ್ಲ. "ಅದನ್ನ ಬರುದ್ರೆ ನಾನು ನಿಮ್ ಕಥೇಲಿರಕಿಲ್ಲ, ಎದ್ದೋಯ್ತೀನಿ" ಅಂದರು. ಭಾಗದ ನಂಬರು ಮಾತ್ರ ಹಾಗೇ ಇಟ್ಟಿದ್ದೇನೆ, ಜಾಗ ಖಾಲಿ.)

೫.

ಕೆರೆದಳು. ಥಿನ್ನರ್ ಹಾಕಿ, ಮುರಿದ ಹ್ಯಾಕ್ಸಾ ಬ್ಲೇಡ್ ಹಿಡಿದು, ಅಂಗಡಿ ಮುಂದಿನ ಕಟ್ಟೆಯ ಮೇಲೆ ಕೂತು ಕೆರೆದಳು.

ಮೂಗಯ್ಯನವರ ಮನೆಯಲ್ಲಿ ಪೂಜೆ ಬಿಟ್ಟು ಮೂವತ್ತೈದು ವರ್ಷದ ಮೇಲಾಗಿದೆ, ಬುದ್ಧನ ಫೋಟೋ ಒಂದೇ ಇರುವುದು. ಆದರೂ ಮೈಸೂರಿನ ಮೆಕ್ಯಾನಿಕ್ಕು ನೋಡಿ. ಊರೆಲ್ಲಾ ಆಯುಧಪೂಜೆ ಮಾಡುವಾಗ ಕೈ ಕಟ್ಟಿಕೊಂಡು ಕೂರಲು ಆಗುತ್ತಿರಲಿಲ್ಲ. ಕುಂಬಳಕಾಯಿ ಒಡೆಯುತ್ತಿರಲಿಲ್ಲ, ಪೇಂಟ್ ಹೊಡೆಯುತ್ತಿದ್ದರು. ದೋಣಿ ತೆಗೆದುಕೊಂಡ ಮೇಲೆ ಪ್ರತಿ ದಸರಾಕ್ಕೂ ಬಸ್ಸು ಹತ್ತಿ ಹೋಗಿ ಎಂಜಿನ್ನಿಗೆ ಹೊಸ ಬಣ್ಣ.

ಗಿಳಿಹಸಿರಿನ ಕೆಳಗೆ ಕೆಂಪು ಬಂತು. ಕೆಂಪಿನ ಕೆಳಗೆ ಬೂದಿ, ಆಮೇಲೆ ನೀಲಿ.

"ಈ ನೀಲಿ ನಂಗೆ ಕೆಲಸ ಸಿಕ್ಕಿದ ವರ್ಷ," ಅಂದಳು ಸಂಘಮಿತ್ರ. ಸಿಲ್ವರ್ ಬಂದಾಗ, "ಇದು ಅಮ್ಮ ಇದ್ದಾಗ. ಅಮ್ಮಾನೇ ಆರಿಸಿದ್ದು." ಮತ್ತೆ ಕೆರೆದಳು. ನನಗೆ ಇಲ್ಲಿ ಒಂದು ಪ್ಯಾರಾ ಬರೆಯುವ ಆಸೆಯಿತ್ತು, ನೆನಪು, ಪದರ, ಅದು ಇದು. ಹನ್ನೆರಡೂವರೆ ಆಗಿತ್ತು, ಬಸ್ಸು ಎರಡಕ್ಕೆ. ಬಿಟ್ಟೆ.

ಹನ್ನೊಂದನೇ ಕೋಟಿಂಗ್ ಬಿಟ್ಟ ಮೇಲೆ ಕಬ್ಬಿಣ ಕಂಡಿತು. ನಂಬರು ಕಾಣಲಿಲ್ಲ. ಆ ಜಾಗ ನುಣ್ಣಗಿತ್ತು.

ಪುಟ್ಟಲಿಂಗಮ್ಮ ಕನ್ನಡಕ ಏರಿಸಿ ಬಗ್ಗಿದರು. "ಸವೆದಿರೋದಲ್ಲ ಇದು. ಯಾರೋ ಅರ ಹಾಕಿ ಉಜ್ಜವ್ರೆ. ಕೈ ಪಳಗಿದೋರು. ಒಂದ್ ಗೀರೂ ಇಲ್ಲ."

ಮೂವರೂ ಒಟ್ಟಿಗೆ ಮೂಗಯ್ಯನವರ ಕಡೆ ತಿರುಗಿದೆವು. ಅವರು ಸ್ಟೂಲಿನ ಮೇಲೆ ಕೂತು ಖಾಲಿ ಟೀ ಲೋಟದೊಳಗೆ ನೋಡುತ್ತಿದ್ದರು.

೬.

"ನೋಡಿ, ಇದು ನನ್ನ ಕಥೆ," ಅಂದೆ. "ನಾನೇ ಒಂದು ನಂಬರ್ ಹಾಕಿಬಿಡ್ತೀನಿ. ಓದೋರಿಗೇನು ಗೊತ್ತಾಗುತ್ತೆ?"

"ನೀವು ಕೂತಲ್ಲೇ ಬರೆದ ನಂಬರ್ ನಂಬ್ಕೊಂಡು ನಾನು ಸಮುದ್ರಕ್ಕೆ ಹೋಗಲ್ಲ ಸಾರ್," ಅಂದಳು ಸಂಘಮಿತ್ರ. ನಾಚಿಕೆಯಾಯಿತು. ನಿಜವಾಗಿ ಆಯಿತು.

ಅವಳು ಅಪ್ಪನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಎರಡರಲ್ಲಿ ಒಂದು ಹಾಕ್ಕೊಂಡು ಶುಕ್ರವಾರ ನಾನು ಹೊರಟೇ ಹೊರಡ್ತೀನಪ್ಪ. ದೋಣಿ ಕೊಯ್ಯೋದಕ್ಕೆ ಬಿಡಲ್ಲ. ಸರಿಯಾದ್ದೋ ತಪ್ಪಿದ್ದೋ, ನೀನೇ ನೋಡ್ಕೋ."

ಮೂಗಯ್ಯ ಲೋಟ ಕೆಳಗಿಟ್ಟರು. ಯಾರ ಮುಖವನ್ನೂ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದರು:

"ಫೋರ್ ಸೆವೆನ್ ಒನ್ ಝೀರೋ ತ್ರೀ. ಡ್ಯಾಶ್. ಬಿ."

ಪುಟ್ಟಲಿಂಗಮ್ಮ ಹಾಳೆ ನೋಡಿದರು. "ದೊಡ್ಡ ತೂತಿಂದು," ಅಂದು ಒಳಗೆ ಹೋದರು.

ಸ್ವಲ್ಪ ಹೊತ್ತಾದ ಮೇಲೆ ಮೂಗಯ್ಯ ನನ್ನ ಕಡೆ ತಿರುಗಿ, "ಆ ನಾಕನೇದನ್ನ ವಾಪಸ್ ಹಾಕ್ಬುಡಿ ಸ್ವಾಮಿ," ಅಂದರು.

೪.

ಹನ್ನೊಂದು ವರ್ಷದ ಹಿಂದೆ ಮೂಗಯ್ಯ ಆ ಯಾರ್ಡಿಗೆ ಹೋದದ್ದು ದೋಣಿ ಕೊಳ್ಳಲು ಅಲ್ಲ. ದೋಣಿಗಳನ್ನು ದಡಕ್ಕೆ ಎಳೆಯುವ ಟ್ರ್ಯಾಕ್ಟರ್ ಕೆಟ್ಟಿತ್ತು, ಅದರ ರಿಪೇರಿಗೆ. ಅಲ್ಲಿ ಒಂದು ಮೂಲೆಯಲ್ಲಿ ಯಾರೋ ವಿದೇಶದವನು ಬಿಟ್ಟುಹೋದ ಸಣ್ಣ ಹಾಯಿದೋಣಿ ಇತ್ತು. ಕೇಳಿದರು, ಕೊಡುತ್ತೇವೆ ಅಂದರು. ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿ, "ಹಡಗು ತಗೊಂಡೆ ಕಣ್ ಮಗಾ. ನಿಜವಾದ ಹಡಗಿನ ಎಂಜಿನ್ನು," ಅಂದರು. ಆಗ ಅವಳಿಗೆ ಇಪ್ಪತ್ತೆರಡು. ಹಾಸ್ಟೆಲ್ ಕಾರಿಡಾರಿನಲ್ಲಿ ಅವಳು ಕಿರುಚಿದ್ದು ಫೋನಿನಲ್ಲಿ ಕೇಳಿಸಿತು.

ಫೋನಿಟ್ಟ ಮೇಲೆ ಎಂಜಿನ್ನಿನ ಮುಚ್ಚಳ ತೆಗೆದು ಬಟ್ಟೆಯಲ್ಲಿ ಒರೆಸಿದರು. ನಂಬರು ಕಂಡಿತು. ಅಂಥ ಹೆಡ್ಡನ್ನು ಅವರು ಬೇರೆ ಬೇರೆಯವರ ಗದ್ದೆಗಳಲ್ಲಿ ಇನ್ನೂರು ಸಲವಾದರೂ ಬಿಚ್ಚಿದ್ದರು. ಅಲ್ಲೇ ಅರ್ಧ ಗಂಟೆ ಕೂತಿದ್ದರು. ಆಮೇಲೆ ಟೂಲ್ ಬಾಕ್ಸಿನಿಂದ ಅರ ತೆಗೆದರು.

೭.

"ಯಾಕಪ್ಪಾ?"

"ಇನ್ನೇನ್ ಮಾಡ್ಲಿ? ಸಂಘಮಿತ್ರ ಅಂತ ಹೆಸರಿಟ್ಟಿದ್ದೆ. ಆ ತಾಯಿ ಅರಳಿ ಸಸಿ ಹಿಡ್ಕೊಂಡು ಸಮುದ್ರ ದಾಟಿ ಲಂಕೆಗೆ ಹೋದೋಳು. ಆ ಹೆಸರಿಟ್ಬುಟ್ಟು, ಟ್ರ್ಯಾಕ್ಟರ್ ಎಂಜಿನ್ನಲ್ಲಿ ನಿನ್ನ ಕಳಿಸ್ಲಾ? ಮೂವತ್ತು ವರ್ಸ ಅದರ ಕೆಳಗೇ ಮಲಗಿದ್ದೆ ಕಣವ್ವ. ಕಂಡೋರ ಗದ್ದೇಲಿ, ಕೆಸರಲ್ಲಿ, ಮಳೇಲಿ. ನಿಂಗಾದ್ರೂ ಅದು ಬ್ಯಾಡ ಅಂತ."

ಸಂಘಮಿತ್ರ ಅಳುತ್ತಾಳೆ ಅಂದುಕೊಂಡೆ. ಕಣ್ಣು ಕೆಂಪಾಗಿತ್ತು, ಆದರೆ ಬಂದದ್ದು ಸಿಟ್ಟು.

"ನಾಲ್ಕು ತಿಂಗಳಿಂದ ಗೊತ್ತಿದ್ದೂ ಸುಮ್ನಿದ್ಯಲ್ಲಪ್ಪ! ನಂಬರ್ ಹೇಳಿದ್ರೆ ಪಾರ್ಟ್ ತರೋದು ಹತ್ತು ನಿಮಿಷದ ಕೆಲಸ. ದೋಣಿ ಹೋದ್ರೂ ಸರಿ, ಮರ್ಯಾದೆ ಉಳೀಲಿ ಅಂತಾನಾ?"

"ಹೂಂ," ಅಂದರು ಮೂಗಯ್ಯ. ಸುಳ್ಳು ಹೇಳಲಿಲ್ಲ.

"ನನ್ನ ಸಾಕಿದ್ದು ಯಾವ ಎಂಜಿನ್ನು? ಓದಿಸಿದ್ದು ಯಾವ ಎಂಜಿನ್ನು? ಅದು ನನ್ನ ಇಲ್ಲೀವರೆಗೂ ಕರ್ಕೊಂಡು ಬಂದಿದೆಯಲ್ಲ, ಅಳಿವೆ ದಾಟಿಸಲ್ವಾ?"

ಇಲ್ಲಿ ಮೂಗಯ್ಯನವರಿಗೆ ಒಂದು ಒಳ್ಳೇ ಡೈಲಾಗ್ ಬರೆದು ಇಟ್ಟಿದ್ದೆ. ಅವರು ಅದನ್ನು ಹೇಳಲಿಲ್ಲ. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಣ್ಣ ಹೋದ ಹೆಡ್ಡನ್ನು ಥಿನ್ನರ್ ಬಟ್ಟೆಯಿಂದ ತಾವೇ ಒರೆಸತೊಡಗಿದರು.

ಪುಟ್ಟಲಿಂಗಮ್ಮ ಗ್ಯಾಸ್ಕೆಟ್ ತಂದು ಹೆಡ್ಡಿನ ಮೇಲಿಟ್ಟು ತೋರಿಸಿ, ಪೇಪರಿನಲ್ಲಿ ಸುತ್ತಿದರು. ಆಮೇಲೆ ಪೆನ್ಸಿಲ್ ತೆಗೆದು, ಕ್ಯಾಲೆಂಡರ್ ಹಾಳೆಯ ಕೆಳಗೆ ಟ್ರ್ಯಾಕ್ಟರಿನ ಹೆಸರಿನ ಮುಂದೆ ಒಂದು ಕಾಮಾ ಹಾಕಿ, "ಹಡಗು (ಮೂಗಣ್ಣ)" ಅಂತ ಬರೆದುಕೊಂಡರು.

೮.

ಶುಕ್ರವಾರ ಏನಾಗಬಹುದು? ಮೂರು ಕೊನೆ ತಯಾರಿಸಿ ಕೌಂಟರ್ ಮೇಲೆ ಇಟ್ಟೆ.

ಒಂದು: ಮೊದಲ ಸಲಕ್ಕೇ ಎಂಜಿನ್ ಹಿಡಿಯಿತು, ಅರಳಿ ಅಳಿವೆ ದಾಟಿತು. "ಡೀಸೆಲ್ ಎಂಜಿನ್ನು ಬಿಚ್ಚಿ ಕಟ್ಟಿದ್ ಮ್ಯಾಲೆ ಮೊದಲ್ನೇ ಸಲಕ್ಕೆ ಎಲ್ಲಿ ಹಿಡಿದದು? ಪೈಪಲ್ಲಿರೋ ಗಾಳಿ ತೆಗೀಬೇಕು. ಗೊತ್ತಿಲ್ದಿದ್ದನ್ನ ಬರೀಬ್ಯಾಡಿ," ಅಂದರು ಮೂಗಯ್ಯ.

ಎರಡು: ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿತು, ಯಾರ್ಡು ತಲುಪುವಷ್ಟರಲ್ಲಿ ದೋಣಿ ಎರಡು ತುಂಡಾಗಿತ್ತು. "ಅದನ್ನ ಬರೆದ್ರೆ ಮೇಲೆ ಬಂದು ನಾನೇ ಹರಿದು ಹಾಕ್ತೀನಿ," ಅಂದಳು ಸಂಘಮಿತ್ರ.

ಮೂರನೆಯದರಲ್ಲಿ ಅಭಿರಾಮ ಬರುತ್ತಿದ್ದ. ಅದನ್ನು ನಾನೇ ಮಡಿಸಿ ಜೇಬಿಗೆ ಹಾಕಿಕೊಂಡೆ.

"ನಿಮಗೇನನ್ನಿಸುತ್ತೆ, ಓಡುತ್ತಾ?" ಅಂತ ಪುಟ್ಟಲಿಂಗಮ್ಮನವರನ್ನು ಕೇಳಿದೆ.

"ನಮ್ದು ಪಾರ್ಟ್ ಗ್ಯಾರಂಟಿ ಕಣ್ರೀ. ಫಿಟ್ಟಿಂಗ್ ಗ್ಯಾರಂಟಿ ನಮ್ದಲ್ಲ."

೯.

ಸಬರ್ಬನ್ ಬಸ್‌ಸ್ಟ್ಯಾಂಡಿನವರೆಗೆ ಚೀಲಕ್ಕೆ ನಾನೂ ಒಂದು ಕೈ ಹಾಕಿದೆ. ಮಂಗಳೂರು ಬಸ್ಸು ಎಂಜಿನ್ ಆನ್ ಮಾಡಿಕೊಂಡು ನಿಂತಿತ್ತು. ಸಂಘಮಿತ್ರ ಗ್ಯಾಸ್ಕೆಟ್ಟನ್ನು ಎದೆಗೆ ಅವುಚಿಕೊಂಡು ಮೊದಲು ಹತ್ತಿದಳು. ಅಪ್ಪನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ, ಆದರೆ ಕಿಟಕಿ ಪಕ್ಕದ ಸೀಟು ಅವರಿಗೇ ಬಿಟ್ಟಿದ್ದಳು.

ಬಾಗಿಲಲ್ಲಿ ಕಂಡಕ್ಟರ್ ಚೀಲಕ್ಕೆ ಬೂಟಿನ ತುದಿ ತಾಗಿಸಿದ. "ಏನ್ ಯಜಮಾನ್ರೆ ಇದು, ಇಷ್ಟು ಭಾರ?"

ಸಂಘಮಿತ್ರ ಒಳಗಿನಿಂದ ತಿರುಗಿ ನೋಡಿದಳು.

"ಟ್ರ್ಯಾಕ್ಟರ್ ಹೆಡ್ಡು," ಅಂದರು ಮೂಗಯ್ಯ. ಇಡೀ ಬಸ್ಸಿಗೆ ಕೇಳಿಸಿತು.

"ಆ ಕಡೆ ಎಲ್ಲಿಗೆ ಟ್ರ್ಯಾಕ್ಟರ್?"

"ಸಮುದ್ರಕ್ಕೆ."

ಕಂಡಕ್ಟರ್ ನಕ್ಕು ಲಗೇಜ್ ಟಿಕೆಟ್ ಹರಿದ. ಅಪ್ಪ, ಮಗಳು, ಚೀಲ, ಮೂರು ಟಿಕೆಟ್. ಬಾಗಿಲು ಹಾಕಿಕೊಂಡಿತು. ನನಗೆ ಯಾರೂ ಟಿಕೆಟ್ ತೆಗೆಸಿರಲಿಲ್ಲ, ನಾನು ಸ್ಟ್ಯಾಂಡಿನಲ್ಲೇ ಉಳಿದೆ.