ಮೂರು ಮರಗಾಲು

ಟಕ್ ಟಕ್, ಟಕ್ ಟಕ್, ಡಾಂಬರಿನ ಮೇಲೆ ಸುಭಾಷನ ಮರಗಾಲು ಬೀಳುತ್ತಿವೆ, ಬನಹಟ್ಟಿಯ ನಮ್ಮ ಮಗ್ಗದ ಹಾಗೆ ಒಂದೇ ಲಯ, ಎರಡು ಉದ್ದನೆಯ ಕೋಲಿಗೆ ಪಾದ ಬಿಗಿದುಕೊಂಡು, ನೆಲದಿಂದ ಎರಡಡಿ ಮೇಲೆ, ಈ ಪುಣ್ಯಾತ್ಮ ಶ್ರೀಶೈಲಕ್ಕೆ ಹೊರಟಿದ್ದಾನೆ — ನನ್ನದು ಮಾತ್ರ ಟಪ್, ಸರ್ರ್, ಟಪ್, ಸರ್ರ್, ಬಲಗಾಲು ನನ್ನದು, ಎಡದ್ದು ಮೊಣಕಾಲಿನಿಂದ ಕೆಳಗೆ ರಬ್ಬರು, ಆ ರಬ್ಬರು ಉರಿಯುತ್ತಿದೆ, ರಬ್ಬರೆಲ್ಲಿ ಉರಿಯುತ್ತದೆ ದಶರಥ, ಉರಿಯುವುದು ಅದರೊಳಗೆ ತುರುಕಿದ ನಿನ್ನ ಮೋಟುಗಾಲು, ನಿನ್ನೆ ಜಮಖಂಡಿ ದಾಟಿದಾಗಲೇ ಬೊಬ್ಬೆ ಒಡೆದಿದೆ, ಸುಭಾಷನಿಗೆ ಹೇಳಿಲ್ಲ, ಹೇಳಿದರೆ ಈ ಹುಚ್ಚ ನನ್ನ ಜೊತೆ ತಾನೂ ಬಸ್ಸು ಹತ್ತುತ್ತಾನೆ, ಬೆಳಿಗ್ಗೆ ಕಟ್ಟಿದ ಮರಗಾಲನ್ನು ಸಂಜೆ ತಂಗುವ ವಸ್ತಿ ಮುಟ್ಟುವ ತನಕ ಬಿಚ್ಚುವಂತಿಲ್ಲ, ನೆಲಕ್ಕೆ ಪಾದ ಸೋಕಿದರೆ ಹರಕೆ ಮುರಿದಂತೆ. ಅದಕ್ಕೇ ನಾನು ಉಪಾಯ ಮಾಡಿದ್ದೇನೆ, ಬೀಳಗಿ ಇನ್ನು ಎರಡೇ ಕಿಲೋಮೀಟರ್, ಅವನು ಊಟದ ಪಾಳಿಗೆ ನಿಂತಾಗ ಮೆಲ್ಲಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಜಮಖಂಡಿ ಬಸ್ಸು ಹಿಡಿಯುವುದು, ಮನೆ ಮುಟ್ಟಿದ ಮೇಲೆ ಫೋನು ಮಾಡುವುದು. ಕಳ್ಳನ ಹಾಗೆ. ಹೌದು, ಕಳ್ಳನ ಹಾಗೆಯೇ.

ಟಪ್, ಸರ್ರ್, ಮುಂದೆ ಹೋದವರ ಉಘೇ ಉಘೇ ಮಲ್ಲಯ್ಯ ಈಗ ಕೇಳಿಸುತ್ತಿಲ್ಲ, ಹೆಗಲ ಮೇಲೆ ದೇವರ ಕಂಬಿ ಹೊತ್ತ ಯಾತ್ರಿಕರು ಊರು ಮುಟ್ಟಿರಬೇಕು, ಆ ಶ್ರೀಶೈಲದ ಮಲ್ಲಯ್ಯನ ಮೇಲೆ ನನಗೆ ಸಿಟ್ಟಿದೆ, ಆರು ವರ್ಷದ ಸಿಟ್ಟು, ರನ್ನ ಬೆಳಗಲಿಯ ಮದುವೆ ಮುಗಿಸಿ ಬರುತ್ತಿದ್ದೆವು, ಮುಸ್ಸಂಜೆ, ಗಾಡಿ ಸುಭಾಷನ ಕೈಯಲ್ಲಿತ್ತು, ಹಿಂದೆ ಕೂತ ನಾನು ಹಾಡುತ್ತಿದ್ದೆ, ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರು ಇಬ್ಬರಿಗೂ ಕಾಣಲಿಲ್ಲ, ಅವನಿಗೆ ಮೊಣಕೈ ತರಚಿತು, ಅಷ್ಟೇ, ನನ್ನ ಕಾಲು ಹೋಯಿತು. ದಶರಥ ಎದ್ದು ನಡದ್ರ ನಾ ಮರಗಾಲಿಲೇ ಬರ್ತೇನಿ ಮಲ್ಲಯ್ಯಾ ಅಂತ ದವಾಖಾನಿ ಬಾಗಿಲದಾಗ ಬೇಡ್ಕೊಂಡಾನೋ ನನ್ನ ಮಗ — ಇದನ್ನು ಅವನ ತಾಯಿ ಬೋರವ್ವ ಮೊನ್ನೆ ಮೊನ್ನೆ ಹೇಳಿದಳು, ಅವನು ಹೇಳಲೇ ಇಲ್ಲ, ನನ್ನ ಕಾಲಿನ ಹರಕಿಗೆ ನೀ ಒಬ್ಬನ ಹೊಂಟಿ ಏನಲೇ ಎಂದು ಬೈದು ನಾನೂ ಹೊರಟೆ, ಜಂಬ, ಬರೀ ಜಂಬ. ಈ ಆರು ವರ್ಷದಲ್ಲಿ ಅವನು ದಿನವೂ ಬಂದ, ನನ್ನ ಮಗ್ಗಕ್ಕೆ ನೂಲು ಹೂಡಿಕೊಟ್ಟ, ಕಾಲು ಹಂಚುವ ಶಿಬಿರಕ್ಕೆ ಹೊತ್ತುಕೊಂಡೇ ಹೋದ, ಆದರೆ ನಾನು ಕಾಲು ಬಿಚ್ಚಿದೊಡನೆ ಮುಖ ತಿರುಗಿಸುತ್ತಾನೆ, ಒಂದು ಸಲವೂ ನನ್ನ ಮೋಟುಗಾಲನ್ನು ನೋಡಿಲ್ಲ. ನೋಡು ಎಂದು ನಾನೂ ಹೇಳಿಲ್ಲ.

ಬೇವಿನ ಮರ, ಕಟ್ಟೆ, ಇನ್ನು ಆಗುವುದಿಲ್ಲ, ಒಂದ್ ಗಳಿಗಿ ಕುಂದರ್ತೇನಿ ನೀ ನಡಿ ಎಂದೆ, ನಾ ಎಲ್ಲಿ ನಡೀಲಿ ಎಂದು ಅವನು ಕೊಂಬೆ ಹಿಡಿದು ನಿಂತ, ಪಾಪ ಅವನಿಗೆ ಕೂರಲೂ ಬರುವುದಿಲ್ಲ. ಪಟ್ಟಿ ಸಡಿಲಿಸಿ ರಬ್ಬರು ಕಾಲು ತೆಗೆದು ಪಕ್ಕದಲ್ಲಿಟ್ಟೆ, ಧೋತರ ಮುಚ್ಚಿದೆ, ಅವನು ರೂಢಿಯಂತೆ ಹೊಲದ ಕಡೆ ತಿರುಗಿದ, ಅಷ್ಟರಲ್ಲಿ ಕೊಡ ಹೊತ್ತ ಮುದುಕಿಯೊಬ್ಬಳು ಬಂದು ಸುಭಾಷನ ಮರಗಾಲಿಗೆ ನೀರೆರೆದು, ಕುಂಕುಮ ಹಚ್ಚಿ, ಬಾಗಿ ನಮಸ್ಕಾರ ಮಾಡಿದಳು, ದಾರಿಯುದ್ದಕ್ಕೂ ಮಾಡುತ್ತಾರೆ, ಆಮೇಲೆ ಕಟ್ಟೆಯ ಮೇಲಿದ್ದ ನನ್ನ ಕಾಲನ್ನು ಕಂಡು ಗದರಿದಳು, ಯಾಕ ಬಿಚ್ಚಿದೀಪಾ ತಮ್ಮಾ, ವಸ್ತಿ ಬರೂತನಕ ಬಿಚ್ಚಬಾರದು, ಮರಗಾಲು ಒಂದ ಐತಿ, ಇನ್ನೊಂದ ಎಲ್ಲಿ ಒಗದಿ? ನಗು ಬಂತು, ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಇದು ಹರಕಿದಲ್ಲ ಆಯಿ, ನನ್ನ ಕಾಲ ಹೋಗೇತಿ ಎಂದು ಧೋತರ ಸರಿಸಿಯೇ ಬಿಟ್ಟೆ, ಈಗ ಅಯ್ಯೋ ಪಾಪ ಅನ್ನುತ್ತಾಳೆ, ಅನ್ನಲಿ, ಎಲ್ಲರೂ ಅಂದಿದ್ದಾರೆ — ಅನ್ನಲಿಲ್ಲ. ಪಾದ ಎಲ್ಲಿಗೆ ಬರ್ತಿತ್ತು ಎಂದಳು. ಏನ್ ಆಯಿ? ನಿನ್ನ ಪಾದೋ, ಇದ್ದಿದ್ರ ಎಲ್ಲಿಗೆ ಬರ್ತಿತ್ತು? ನಾನು ದಡ್ಡನಂತೆ ಬಲಪಾದದ ಪಕ್ಕದ ಮಣ್ಣು ತೋರಿಸಿದೆ, ಅವಳು ಅಲ್ಲಿ ಅಂಗೈಯಿಂದ ಕಲ್ಲು ಸರಿಸಿದಳು, ಕೊಡ ಎತ್ತಿ, ನನ್ನ ಮೊಣಕಾಲಿನ ಕೆಳಗೆ ಏನೂ ಇಲ್ಲದ ಕಡೆ, ಹಿಮ್ಮಡಿ ತೊಳೆಯುವವಳ ಹಾಗೆ ಸಣ್ಣ ಧಾರೆಯಲ್ಲಿ ನೀರು ಬಿಟ್ಟಳು, ಮಣ್ಣು ಒದ್ದೆಯಾಯಿತು, ಅವಳು ಬಗ್ಗಿ ಆ ಒದ್ದೆ ಮಣ್ಣಿಗೆ ಹಣೆ ಹಚ್ಚಿದಳು, ಆಗ, ಮಲ್ಲಯ್ಯಾ, ಯಾರಿಗೆ ಹೇಳಲಿ ಇದನ್ನು, ನನ್ನ ಎಡಗಾಲಿನ ಬೆರಳುಗಳು ತಣ್ಣಗಾದವು, ಐದೂ, ಇಲ್ಲದ ಐದೂ ಬೆರಳು, ಆರು ವರ್ಷದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮುದುಕಿ ಖಾಲಿ ಕೊಡ ಎತ್ತಿಕೊಂಡು ಹೋಗುತ್ತಿದ್ದಾಳೆ, ಹೆಸರನ್ನೂ ಕೇಳಲಿಲ್ಲ, ತಲೆ ಎತ್ತಿದರೆ ಸುಭಾಷ ನೋಡುತ್ತಿದ್ದಾನೆ, ನನ್ನ ಮೋಟುಗಾಲನ್ನು, ಬೊಬ್ಬೆಯನ್ನು, ಕಣ್ಣು ತಿರುಗಿಸದೆ. ರಕ್ತ ಬಂದೈತಲ್ಲಲೇ, ಯಾಕ ಹೇಳಲಿಲ್ಲ, ತಡಿ ನಾ ಬಿಚ್ಚತೇನಿ, ಇಬ್ಬರೂ ಬಸ್ ಹತ್ತೂಣು, ಹರಕಿ ಹಾಳಾಗಿ ಹೋಗ್ಲಿ — ಅವನ ಕೈ ಆಗಲೇ ಗಂಟಿನ ಮೇಲಿದೆ. ಬಿಚ್ಚೋ ಸುಭಾಷ ಎಂದೆ, ಖರೆ ಬಿಚ್ಚು, ಹರಕಿ ಎಲ್ಲೂ ಹೋಗೂದಿಲ್ಲ, ಇವತ್ತ ಇಲ್ಲೇ ನಮ್ಮ ವಸ್ತಿ. ನಡುಮಧ್ಯಾಹ್ನದಾಗ ವಸ್ತಿ? ಹೂಂ, ನಡುಮಧ್ಯಾಹ್ನದಾಗ, ಈ ಗಾಯ ಒಣಗೂತನಕ ಇಲ್ಲೇ, ಆಮ್ಯಾಲ ಇಬ್ಬರೂ ನಡದ ಹೋಗೂಣು, ಬಸ್ಸಿನ ಹೆಸರ ತಗೀಬ್ಯಾಡ. ಅವನು ಅಳುತ್ತಾ ನಕ್ಕ, ಕಟ್ಟೆಗೊರಗಿ ಒಂದು ಗಂಟು ಬಿಚ್ಚಿದ, ಇನ್ನೊಂದು ಬಿಚ್ಚಿದ, ನನ್ನ ಹೆಗಲು ಹಿಡಿದು ಇಳಿಯತೊಡಗಿದ, ಬರಿಗಾಲು ನೇರ ಆ ಒದ್ದೆ ಮಣ್ಣಿನ ಮೇಲೆಯೇ ಬರುತ್ತಿತ್ತು, ಬರುತ್ತಿತ್ತು, ತಟ್ಟನೆ ಗಾಳಿಯಲ್ಲೇ ನಿಂತಿತು — ಜೋಲಿ ಹೊಡೆಯಿತು, ನನ್ನ ಮೇಲೆ ಬಿದ್ದೇಬಿಡುತ್ತಿದ್ದ, ಆದರೂ ಕಾಲು ಎತ್ತಿ, ದಾಟಿಸಿ, ಆಚೆಗೆ ಒಣನೆಲದಲ್ಲಿಟ್ಟ. ತುಳಿಯಲಿಲ್ಲ. ಒದ್ದೆ ಮಣ್ಣು, ಅದರ ಪಕ್ಕ ಅವನ ಪಾದ. ನನ್ನ ಕಾಲನ್ನು ತುಳಿಯಲಿಲ್ಲ. ತುಳಿಯಲಿಲ್ಲ ಅವನು.